ಸೋಮೇಶ್ವರ ಅರಸನ ಎಳ್ಳಿನುಂಡೆ, ನಮ್ಮ ಹೊಂಡದ ಶೇಂಗಾ ಹಿಂಡಿ: ಮೀನಿಗೆ ಸಸ್ಯಾಹಾರ ಸಾಕೇ?

ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನ ಅರಸನೊಬ್ಬ ಮೀನು ಸಾಕಣೆಯ ಗ್ರಂಥ ಬರೆದಿದ್ದ, ಅದರಲ್ಲಿರುವಂತೆ ಎಳ್ಳು-ಕಡಲೆಯ ಉಂಡೆ ಹಾಕಿದರೆ ಸಾಕು, ಅಂಗಡಿಯ ಮೀನಿನ ಆಹಾರ ಬೇಕೇ ಇಲ್ಲ. ಇಂಥ ಅರ್ಥದ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದಕ್ಕೆ ಪೂರ್ತಿ ವಿರುದ್ಧವಾದ ಮಾತೂ ಓಡಾಡುತ್ತಿರುತ್ತದೆ. ಮೀನಿಗೆ ಮೀನಿನ ಪುಡಿಯನ್ನೇ ಹಾಕಬೇಕು, ಹಿಂಡಿ-ತೌಡು ತಿಂದ ಮೀನು ಬೆಳೆಯುವುದಿಲ್ಲ, ಬೆಳೆದರೂ ಅದರಲ್ಲಿ ಸತ್ವವಿರುವುದಿಲ್ಲ ಎಂಬುದು ಅದು.

ಎರಡರಲ್ಲೂ ಅರ್ಧ ಸತ್ಯವಿದೆ. ಯಾವ ಅರ್ಧ ಎಂದು ತಿಳಿಯದೆ ಕೃಷಿ ಹೊಂಡಕ್ಕೆ ಮರಿ ಬಿಟ್ಟರೆ ನಷ್ಟ ಆಗುವುದು ನಮ್ಮ ಕಿಸೆಗೇ. ಮೀನು ಸಾಕಣೆಯ ಖರ್ಚಿನಲ್ಲಿ ಅರ್ಧ, ಕೆಲವು ಸಲ ಅರ್ಧಕ್ಕಿಂತ ಹೆಚ್ಚು ಪಾಲು ಆಹಾರಕ್ಕೇ ಹೋಗುತ್ತದೆ. ಹಾಗಾಗಿ ಮೊದಲು ಆ ಅರಸ ಯಾರು, ಏನು ಬರೆದ ಎಂದು ನೋಡೋಣ. ಆಮೇಲೆ ಅವನ ಉಂಡೆಯನ್ನು ಇಂದಿನ ವಿಜ್ಞಾನದ ತಕ್ಕಡಿಗೆ ಹಾಕೋಣ.

ಯಾರು ಈ ಸೋಮೇಶ್ವರ?

ಹೆಸರಿನಲ್ಲೇ ಗೊಂದಲವಿದೆ. ಸೋಮೇಶ್ವರ ಶತಕದ ಕವಿ ಬೇರೆ, ಇವನು ಬೇರೆ. ಇವನಿಗೆ ಸರ್ವಜ್ಞ ಚಕ್ರವರ್ತಿ ಎಂಬ ಬಿರುದಿತ್ತು. ಅದನ್ನು ಕೇಳಿ ತ್ರಿಪದಿಯ ಸರ್ವಜ್ಞ ಎಂದುಕೊಳ್ಳುವವರೂ ಇದ್ದಾರೆ. ಆ ಸರ್ವಜ್ಞ ಬಂದದ್ದು ನೂರಾರು ವರ್ಷ ತಡವಾಗಿ. ನಾವು ಹೇಳುತ್ತಿರುವುದು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಕಥೆ. ಇವನ ಇನ್ನೊಂದು ಬಿರುದು ಭೂಲೋಕಮಲ್ಲ. ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯವರಿಗೆ ಈ ಅರಸು ಮನೆತನ ದೂರದ್ದಲ್ಲ. ಕೃಷ್ಣೆ, ಘಟಪ್ರಭೆಯ ಈ ದಂಡೆಗಳೆಲ್ಲ ಅವರ ರಾಜ್ಯದೊಳಗೇ ಇದ್ದವು. ಮುಧೋಳದ ಕವಿ ರನ್ನ ಇದೇ ವಂಶದ ತೈಲಪ ಮತ್ತು ಸತ್ಯಾಶ್ರಯರ ಆಶ್ರಯದಲ್ಲಿದ್ದವನು. ತೇರದಾಳದ ನೇಮಿನಾಥ ಬಸದಿಯ ಪ್ರಸಿದ್ಧ ಶಾಸನದ ಮೊದಲ ಭಾಗ 1123ರದು. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ನಮ್ಮ ಸೋಮೇಶ್ವರನ ತಂದೆ, ಆರನೆಯ ವಿಕ್ರಮಾದಿತ್ಯ.

ಈ ತಂದೆಯ ನೆರಳು ಬಹಳ ದೊಡ್ಡದು. ಅಣ್ಣನನ್ನು ಕೆಳಗಿಳಿಸಿ 1076ರಲ್ಲಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯ 1126ರವರೆಗೆ, ಅಂದರೆ 50 ವರ್ಷ ಆಳಿದ. ತನ್ನದೇ ಹೆಸರಿನ ಶಕೆಯನ್ನು ಆರಂಭಿಸಿದ. ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ಅವನ ಆಸ್ಥಾನದಲ್ಲಿದ್ದ. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯ ವಿಚಾರದಲ್ಲಿ ಇಂದಿಗೂ ನ್ಯಾಯಾಲಯಗಳಲ್ಲಿ ಕೇಳಿಬರುವ ಮಿತಾಕ್ಷರಾ ಬರೆದ ವಿಜ್ಞಾನೇಶ್ವರನೂ ಅದೇ ಆಸ್ಥಾನದವನು. ಮಗನಿಗೆ ಸೋಮೇಶ್ವರ ಎಂಬ ಹೆಸರು ಬಂದದ್ದು ತಾತನಿಂದ. ತಮಾಷೆಯೆಂದರೆ ತಂದೆ ಕೆಳಗಿಳಿಸಿದ ದೊಡ್ಡಪ್ಪನ ಹೆಸರೂ ಅದೇ.

ತಂದೆ ಐವತ್ತು ವರ್ಷ ಆಳಿದ ಮೇಲೆ ಪಟ್ಟಕ್ಕೆ ಬಂದ ಮಗ ಎಳೆಯ ಹುಡುಗನಾಗಿರಲಿಕ್ಕಿಲ್ಲ. ಪಂಡಿತರ ಮಾತು, ಆನೆ-ಕುದುರೆ, ಬೇಟೆ, ಸಂಗೀತ, ಅಡುಗೆಮನೆ ಎಲ್ಲವನ್ನೂ ನೋಡುತ್ತಾ ಬೆಳೆದವನು. ಅವನ ಪಾಲಿಗೆ ಬಂದ ರಾಜ್ಯ ಹೊರಗಿನಿಂದ ಭದ್ರವಾಗಿ ಕಂಡರೂ ಅಂಚುಗಳಲ್ಲಿ ಸಡಿಲವಾಗತೊಡಗಿತ್ತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಹೆಸರಿಗೆ ಮಾತ್ರ ಸಾಮಂತ, ಮನಸ್ಸಿನಲ್ಲಿ ಸ್ವತಂತ್ರ ಅರಸ. ಪೂರ್ವದಲ್ಲಿ ವೆಂಗಿಯ ಮೇಲಿನ ಹಿಡಿತ ಚೋಳರ ಕಡೆಗೆ ಜಾರಿತು. ಸೋಮೇಶ್ವರ ಸುಮಾರು 12 ವರ್ಷ ಆಳಿದ. ಯುದ್ಧದ ಲೆಕ್ಕದಲ್ಲಿ ಇತಿಹಾಸ ಪುಸ್ತಕಗಳು ಅವನಿಗೆ ಹೆಚ್ಚು ಪುಟ ಕೊಡುವುದಿಲ್ಲ. ಅವನ ಹೆಸರು ಉಳಿದದ್ದು ಬರವಣಿಗೆಯಿಂದ.

ತಂದೆಯ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯ ಎಂಬ ಹೆಸರಿನಲ್ಲಿ ಸಂಸ್ಕೃತದಲ್ಲಿ ಬರೆದ. ನಮಗೆ ಸಿಕ್ಕಿರುವುದು ಅಪೂರ್ಣ ಪ್ರತಿ. ಇನ್ನೊಂದು ಕೃತಿ ಪೂರ್ತಿಯಾಗಿ ಸಿಕ್ಕಿದೆ, ಅದೇ ಮಾನಸೋಲ್ಲಾಸ. ಅದಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಇನ್ನೊಂದು ಹೆಸರೂ ಉಂಟು. ಕಾಲ ಸುಮಾರು 1129, ಅಂದರೆ ಪಟ್ಟಕ್ಕೆ ಬಂದ ಮೂರು ವರ್ಷದೊಳಗೆ.

ಇಡ್ಲಿಯ ಪುಸ್ತಕದಲ್ಲೇ ಮೀನಿನ ಅಧ್ಯಾಯ

ಈ ಪುಸ್ತಕದ ಹೆಸರು ಕೇಳದವರೂ ಅದರ ಒಂದು ತುಣುಕನ್ನು ಫಾರ್ವರ್ಡ್ ಮಾಡಿರುತ್ತಾರೆ. ಇಡ್ಲಿ, ದೋಸೆ, ಪೂರಿಗಳ ಹಳೆಯ ಉಲ್ಲೇಖ ಎಂದು ಬರುವ ಸಂದೇಶಗಳ ಮೂಲ ಬಹುತೇಕ ಇದೇ. ಅಲ್ಲಿ ಇಡ್ಡರಿಕಾ ಎಂಬ ತಿಂಡಿ ಬರುತ್ತದೆ, ಉದ್ದಿನ ಹಿಟ್ಟಿನದು. ಇಂದು ನಾವು ತಿನ್ನುವ ಅಕ್ಕಿ ಬೆರೆತ ಇಡ್ಲಿ ಅದಲ್ಲ.

ಗ್ರಂಥದಲ್ಲಿ ಐದು ಭಾಗಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಪಡೆಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ಶುರುವಾಗಿ ಮನೆ, ಸ್ನಾನ, ತಾಂಬೂಲ, ಊಟ, ಚಿತ್ರಕಲೆ, ಸಂಗೀತ, ಕುಣಿತ, ಆನೆ, ಕುಸ್ತಿ, ಕೋಳಿ ಅಂಕ, ಚದುರಂಗದವರೆಗೆ ಹೋಗುತ್ತದೆ. ನಾಯಿಗಳಿಗೂ ಒಂದು ಅಧ್ಯಾಯವಿದೆ. ಇದನ್ನು ಹಿಡಿದು ಮುಧೋಳ ನಾಯಿ ಸೋಮೇಶ್ವರನ ಬೇಟೆನಾಯಿ ಎಂದು ಬರೆದು ಕಳಿಸುವವರು ಸ್ವಲ್ಪ ನಿಲ್ಲಬೇಕು. ಇಂದಿನ ಮುಧೋಳ ತಳಿಗೆ ಹೆಸರು ತಂದುಕೊಟ್ಟವರು ಮುಧೋಳದ ಘೋರ್ಪಡೆ ಸಂಸ್ಥಾನಿಕರು. ಅದು ತೀರ ಈಚಿನ ಕಥೆ.

ನಾಲ್ಕನೆಯ ಭಾಗ ಅರಸನ ವಿನೋದಗಳದು. ಅದರಲ್ಲೇ ಮತ್ಸ್ಯವಿನೋದ ಎಂಬ ಅಧ್ಯಾಯ ಇರುವುದು. ವಿನೋದ ಎಂಬ ಪದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿ ಸಮುದ್ರದ ಮತ್ತು ಸಿಹಿನೀರಿನ ಸುಮಾರು 35 ಬಗೆಯ ಮೀನುಗಳ ಹೆಸರಿವೆ. ಕೆಲವು ಮೀನಿಗೆ ಹುರುಪೆ ಉಂಟು, ಕೆಲವಕ್ಕೆ ಬರೀ ಚರ್ಮ. ಕೆಲವು ದೊಡ್ಡವು, ಕೆಲವು ಸಣ್ಣವು. ಎಲ್ಲಿರುತ್ತವೆ, ಹೇಗಿರುತ್ತವೆ ಎಂದು ಬೇರೆ ಬೇರೆ ಹೇಳಲಾಗಿದೆ. ನಾವು ಇಂದು ರೋಹು ಎನ್ನುವ ಮೀನಿನ ಹಳೆಯ ಹೆಸರು ರೋಹಿತ, ಅದೂ ಅಲ್ಲಿದೆ. ಆಮೇಲೆ ಬರುವುದೇ ನಮ್ಮ ವಿಷಯ. ಮೀನಿಗೆ ಏನು ತಿನ್ನಿಸಬೇಕು ಎಂಬುದನ್ನು ಇಷ್ಟು ವಿವರವಾಗಿ ಹೇಳಿದ ಭಾರತದ ಮೊದಲ ಬರಹ ಇದೇ ಎಂದು ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಎಳ್ಳು, ಕಡಲೆ ಹಿಟ್ಟು, ಅನ್ನ ಮುಂತಾದವುಗಳ ಉಂಡೆ ಒಂದು ಕಡೆ, ಮಾಂಸ ತಿನ್ನುವ ಮೀನಿಗೆ ಮಾಂಸ ಇನ್ನೊಂದು ಕಡೆ. ಎಲ್ಲ ಮೀನಿಗೂ ಒಂದೇ ಊಟ ಎಂದು ಅವನು ಹೇಳಲಿಲ್ಲ. ನಮ್ಮ ಪ್ರಕಾರ ಇಡೀ ಅಧ್ಯಾಯದಲ್ಲಿ ಅತಿ ಮುಖ್ಯವಾದ ಅಂಶ ಇದೇ. ಫಾರ್ವರ್ಡ್ ಮಾಡುವಾಗ ಮೊದಲು ಕಳೆದುಹೋಗುವುದೂ ಇದೇ.

ಆದರೆ ಅವನು ಮೀನು ಸಾಕಲು ಹೇಳುತ್ತಿದ್ದನೇ? ಇಲ್ಲ. ಗಾಳ ಹಾಕುವ ಆಟದ ಸಿದ್ಧತೆ ಅದು. ನೀರಿನಲ್ಲಿ ಒಂದು ಜಾಗ ಗೊತ್ತುಮಾಡಿ ಅಲ್ಲಿಗೆ ಉಂಡೆ ಹಾಕುತ್ತಾ ಹೋದರೆ ಮೀನಿಗೆ ರೂಢಿಯಾಗುತ್ತದೆ, ಭಯ ಹೋಗುತ್ತದೆ, ಕೊಬ್ಬುತ್ತದೆ. ಆಮೇಲೆ ಅರಸ ಬಂದು ಗಾಳ ಬೀಸುತ್ತಾನೆ. ಕೋಲು, ದಾರ, ಕೊಕ್ಕೆಗಳ ವಿವರವೂ ಇದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಗಾಳದ ಮೇವಿನ ಪುಸ್ತಕ. ಮರಿ ಬಿಟ್ಟು, ತೂಕ ನೋಡಿ, ಮಾರಿ ಲಾಭ ಎಣಿಸುವ ಕೃಷಿಯ ಪುಸ್ತಕವಲ್ಲ. ಮೀನು ಸಾಕಣೆಯ ಗ್ರಂಥ ಎಂಬ ಮಾತು ಇಲ್ಲಿಗೆ ತಪ್ಪುತ್ತದೆ. ಸಸ್ಯಮೂಲದ ಊಟದಿಂದ ಕೆಲವು ಮೀನುಗಳು ಕೊಬ್ಬುತ್ತವೆ ಎಂಬ ಅವಲೋಕನ ಮಾತ್ರ ಗಟ್ಟಿಯಾದದ್ದು.

ಇದನ್ನೆಲ್ಲ ಅರಸ ತಾನೇ ನೀರಿನ ದಡದಲ್ಲಿ ಕೂತು ಕಂಡುಕೊಂಡನೇ? ನೂರು ವಿಷಯ ಬರೆದವನ ಹಿಂದೆ ಮಾವುತರಿದ್ದರು, ಬಾಣಸಿಗರಿದ್ದರು, ಪಂಡಿತರಿದ್ದರು. ಮೀನಿನ ಅಧ್ಯಾಯದ ಹಿಂದೆ ಬಲೆ ಬೀಸುವ, ದೋಣಿ ನಡೆಸುವ ಜನ ಇದ್ದೇ ಇರಬೇಕು. ಯಾವ ಮೀನು ಯಾವ ಮಡುವಿನಲ್ಲಿ ಏನು ತಿನ್ನುತ್ತದೆ ಎಂಬುದು ಅರಮನೆಯಲ್ಲಿ ಹುಟ್ಟುವ ಜ್ಞಾನವಲ್ಲ. ಅವರ ಹೆಸರು ಪುಸ್ತಕದಲ್ಲಿಲ್ಲ. ಅರಸನ ದೊಡ್ಡತನವೆಂದರೆ ಅದನ್ನೆಲ್ಲ ಬರೆದಿಡಲು ಯೋಗ್ಯವಾದ ವಿದ್ಯೆ ಎಂದು ಕಂಡದ್ದು.

ಉಂಡೆಯನ್ನು ತೂಗಿ ನೋಡಿದರೆ

ರೋಹುವಿಗೆ ಎಳ್ಳು-ಕಡಲೆ ಏಕೆ ಒಗ್ಗುತ್ತದೆ? ಉತ್ತರ ಅದರ ಹೊಟ್ಟೆಯಲ್ಲಿದೆ. ಸರಿಯಾಗಿ ಹೇಳಬೇಕೆಂದರೆ ಹೊಟ್ಟೆ ಇಲ್ಲದಿರುವುದರಲ್ಲಿದೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವೆಲ್ಲ ಗೆಂಡೆ ಜಾತಿಯವು. ಇವಕ್ಕೆ ನಮ್ಮ ಹಾಗೆ ಆಮ್ಲ ಸುರಿಸುವ ಜಠರ ಇರುವುದಿಲ್ಲ, ಬಾಯಿಂದ ಇಳಿದ ಆಹಾರ ನೇರ ಕರುಳಿಗೆ ಹೋಗುತ್ತದೆ. ರೋಹುವಿನ ಕರುಳು ಅದರ ಮೈಯ ಉದ್ದಕ್ಕಿಂತ ಹಲವು ಪಟ್ಟು ಉದ್ದ. ಪಾಚಿ, ಎಲೆ, ಕಾಳಿನಂಥ ಸಸ್ಯಾಹಾರವನ್ನು ನಿಧಾನವಾಗಿ ಅರಗಿಸಿಕೊಳ್ಳಲು ಆ ಉದ್ದ ಬೇಕು. ಕೊರವ ಮೀನು, ಬಾಳೆ ಮೀನು ಬೇಟೆಗಾರರು. ಅವುಗಳ ಕರುಳು ಗಿಡ್ಡ, ಮಾಂಸ ಅರಗಿಸಲು ಜಠರ ಇದೆ. ಅವಕ್ಕೆ ಬರೀ ಶೇಂಗಾ ಹಿಂಡಿ ಹಾಕಿ ಕಾಯುತ್ತಾ ಕೂತರೆ ಮೀನೂ ಉಪವಾಸ, ಸಾಕಿದವರೂ ಉಪವಾಸ. ಮೀನಿಗೆ ಮೀನಿನ ಪುಡಿಯೇ ಬೇಕು ಎಂಬ ಮಾತು ಇಂಥ ಮೀನುಗಳಿಗೆ ಬಹುಮಟ್ಟಿಗೆ ನಿಜ, ಗೆಂಡೆಗಳಿಗೆ ಅಲ್ಲ.

ಗೆಂಡೆಗಳೊಳಗೂ ವ್ಯತ್ಯಾಸವಿದೆ. ಕಾಟ್ಲಾ ಮೇಲ್ನೀರಿನಲ್ಲಿ ಸಣ್ಣ ತೇಲುಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು, ಮೃಗಾಲ್ ತಳದ ಕೊಳೆತ ಪದಾರ್ಥ ಹೆಕ್ಕುತ್ತದೆ. ಹುಲ್ಲುಗೆಂಡೆಗೆ ಹೆಸರೇ ಹೇಳುವಂತೆ ಹುಲ್ಲು ಸಾಕು, ದನಕ್ಕೆ ಹಾಕುವ ಎಳೆಯ ಮೇವನ್ನು ಹೊಂಡದ ಮೂಲೆಯಲ್ಲಿ ಹಾಕಿದರೆ ತಿನ್ನುತ್ತದೆ. ಒಂದೇ ಹೊಂಡದಲ್ಲಿ ಇವನ್ನೆಲ್ಲ ಸೇರಿಸಿ ಬಿಡುವುದೇ ಈ ಕಾರಣಕ್ಕೆ.

ಈಗ ಪೋಷಕಾಂಶದ ಲೆಕ್ಕ. ಬೆಳೆಯುವ ಗೆಂಡೆಯ ಆಹಾರದಲ್ಲಿ ನೂರಕ್ಕೆ 25ರಿಂದ 30 ಭಾಗ ಪ್ರೋಟೀನ್ ಬೇಕು. ಶೇಂಗಾ ಹಿಂಡಿಯಲ್ಲಿ ಸುಮಾರು 40 ಭಾಗ ಇರುತ್ತದೆ, ಅಕ್ಕಿ ತೌಡಿನಲ್ಲಿ ಸುಮಾರು 12. ಎರಡನ್ನೂ ಸಮಸಮ ಬೆರೆಸಿದರೆ 26ರ ಹತ್ತಿರ ಬರುತ್ತದೆ. ನಮ್ಮ ದೇಶದ ಮೀನು ಸಾಕಣೆಯಲ್ಲಿ ಹಿಂಡಿ-ತೌಡು ಸಮಪಾಲು ಎಂಬ ಹಳೆಯ ರೂಢಿ ಇದೆಯಲ್ಲ, ಅದರ ಲೆಕ್ಕ ಇಷ್ಟೇ. ಮೀನಿನ ಪುಡಿಯಲ್ಲಿ ಸುಮಾರು 60 ಭಾಗ ಪ್ರೋಟೀನ್ ಇರುತ್ತದೆ ನಿಜ. ಆದರೆ ಅದು ದುಬಾರಿ. ಜೊತೆಗೆ ಅದನ್ನು ಮಾಡಲು ಕಡಲಿನ ಬೂತಾಯಿಯಂಥ ಸಣ್ಣ ಮೀನನ್ನು ಹಿಡಿಯಬೇಕು. ಜನ ತಿನ್ನಬಹುದಾದ ಮೀನನ್ನು ಪುಡಿ ಮಾಡಿ ಇನ್ನೊಂದು ಮೀನು ಬೆಳೆಸುವುದು ಯಾಕೆ ಎಂಬ ಪ್ರಶ್ನೆ ಜಗತ್ತಿನಾದ್ಯಂತ ಇದೆ. ಸಸ್ಯಮೂಲದ ಆಹಾರದ ಸಂಶೋಧನೆ ಜೋರಾಗಿರುವುದೂ ಅದಕ್ಕೇ.

ಪ್ರೋಟೀನ್ ಎಷ್ಟು ಎನ್ನುವುದರ ಜೊತೆಗೆ ಎಂಥದು ಎನ್ನುವುದೂ ಮುಖ್ಯ. ಪ್ರೋಟೀನ್ ಎಂದರೆ ಹಲವು ಅಮೈನೋ ಆಮ್ಲಗಳ ಸರ. ಅದರಲ್ಲಿ ಲೈಸಿನ್, ಮಿಥಿಯೋನಿನ್ ಎಂಬೆರಡು ಮಣಿಗಳು ಸಸ್ಯಗಳಲ್ಲಿ ಆಗಾಗ ಕಡಿಮೆ ಬೀಳುತ್ತವೆ. ಶೇಂಗಾದಲ್ಲಿ ಎರಡೂ ಕಡಿಮೆ. ಸೋಯಾದಲ್ಲಿ ಲೈಸಿನ್ ಚೆನ್ನಾಗಿದೆ, ಮಿಥಿಯೋನಿನ್ ಕಡಿಮೆ. ಎಳ್ಳಿನಲ್ಲಿ ಮಿಥಿಯೋನಿನ್ ಸಮೃದ್ಧ, ಲೈಸಿನ್ ಕಡಿಮೆ. ಕಡಲೆಯದು ಎಳ್ಳಿಗೆ ಸರಿಯಾಗಿ ವಿರುದ್ಧ, ಲೈಸಿನ್ ಹೆಚ್ಚು, ಮಿಥಿಯೋನಿನ್ ಕಡಿಮೆ. ಎಳ್ಳೂ ಕಡಲೆಯೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸೋಮೇಶ್ವರನಿಗೆ ಅಮೈನೋ ಆಮ್ಲ ಗೊತ್ತಿತ್ತು ಎಂದು ಇದನ್ನು ಫಾರ್ವರ್ಡ್ ಮಾಡಬೇಡಿ! ಹಾಗಿರಲು ಸಾಧ್ಯವಿಲ್ಲ, ಅವುಗಳನ್ನು ಒಂದೊಂದಾಗಿ ಗುರುತಿಸಿದ್ದು ಈಚಿನ 200 ವರ್ಷಗಳಲ್ಲಿ. ರೊಟ್ಟಿಗೆ ಕಾಳುಪಲ್ಯ ಹಚ್ಚಿಕೊಂಡು ತಿನ್ನುವ ನಮ್ಮ ಊಟದಲ್ಲೂ ಇದೇ ಜೋಡಿ ಇದೆ. ಬಾಯಿಗೆ ಒಗ್ಗಿದ್ದು, ಕಣ್ಣಿಗೆ ಫಲ ಕಂಡದ್ದು ರೂಢಿಯಾಗಿ ಉಳಿಯಿತು, ಅಷ್ಟೇ.

ಕೃಷ್ಣೆಯ ದಂಡೆಯ ಹೊಂಡಕ್ಕೆ ಏನು ಹಾಕಬಹುದು?

ಈ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. ಒಂದು ಕಡೆ ಆಲಮಟ್ಟಿಯ ಹಿನ್ನೀರು, ಇನ್ನೊಂದು ಕಡೆ ಹಿಪ್ಪರಗಿ ಬ್ಯಾರೇಜ್, ಮಧ್ಯೆ ಘಟಪ್ರಭೆ. ಎಲ್ಲಿ ನೋಡಿದರೂ ಕಬ್ಬು. ಅದರೊಡನೆ ಗೋವಿನಜೋಳ, ಕಡಲೆ, ಸೂರ್ಯಕಾಂತಿ, ಶೇಂಗಾ. ಮೀನಿನ ಸಸ್ಯಾಹಾರಕ್ಕೆ ಬೇಕಾದ ಕಚ್ಚಾ ಸಾಮಾನು ಹೆಚ್ಚುಕಡಿಮೆ ಊರಲ್ಲೇ ಇದೆ. ಗಾಣದ ಅಥವಾ ಎಣ್ಣೆ ಮಿಲ್ಲಿನ ಶೇಂಗಾ ಹಿಂಡಿ, ಸೂರ್ಯಕಾಂತಿ ಹಿಂಡಿ ಪ್ರೋಟೀನಿಗೆ. ಗೋವಿನಜೋಳದ ನುಚ್ಚು, ತೌಡು ಶಕ್ತಿಗೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಸ್ವಲ್ಪ ಬೆರೆಸಿದರೆ ಉಂಡೆ ಬಿಡದೆ ಗಟ್ಟಿಯಾಗಿ ನಿಲ್ಲುತ್ತದೆ. ಅದು ಅಂಟಿಗೆ ಮಾತ್ರ, ಕಾಕಂಬಿಯಲ್ಲಿ ಮೀನು ಬೆಳೆಸುವಷ್ಟು ಪ್ರೋಟೀನ್ ಇಲ್ಲ.

ಎಷ್ಟು ಹಾಕಬೇಕು ಎನ್ನುವುದು ಮೀನಿನ ತೂಕದ ಮೇಲೆ. ನಿಮ್ಮ ಹೊಂಡದಲ್ಲಿ 500 ಮೀನುಗಳಿವೆ, ಹಿಡಿದು ನೋಡಿದರೆ ಒಂದೊಂದು ಸುಮಾರು 200 ಗ್ರಾಂ ಇದೆ ಎಂದುಕೊಳ್ಳಿ. ಒಟ್ಟು 100 ಕಿಲೋ ಮೀನು. ನೂರಕ್ಕೆ ಮೂರರ ಲೆಕ್ಕದಲ್ಲಿ ದಿನಕ್ಕೆ 3 ಕಿಲೋ ಆಹಾರ. ಮರಿ ಸಣ್ಣದಿದ್ದಾಗ ಈ ಪ್ರಮಾಣ ನೂರಕ್ಕೆ ಐದರವರೆಗೆ ಇರುತ್ತದೆ, ದೊಡ್ಡದಾದಂತೆ ಎರಡಕ್ಕೆ ಇಳಿಯುತ್ತದೆ. ಜಠರ ಇಲ್ಲದ ಮೀನು ಒಮ್ಮೆಗೆ ತುಂಬಿಟ್ಟುಕೊಳ್ಳಲಾರದು, ಅದಕ್ಕೇ ದಿನದ ಪಾಲನ್ನು ಎರಡು ಸಲ ಹಾಕುವುದು ಒಳ್ಳೆಯದು. ಪುಡಿಯನ್ನು ನೀರಿಗೆ ಎರಚಿದರೆ ಬಹುಪಾಲು ಕರಗಿ ಹೋಗುತ್ತದೆ. ನೆನೆಸಿ ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಇಳಿಬಿಡಿ. ಇಲ್ಲವೇ ಸಣ್ಣ ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿ. ಮೀನು ತೂತಿಗೆ ಬಾಯಿಟ್ಟು ಚೀಪುತ್ತದೆ.

ಈ ಚೀಲದ ಪದ್ಧತಿ ಯಾರೋ ಹೇಳಿದ ಉಪಾಯವಲ್ಲ. ನಮ್ಮ ಕೃಷ್ಣೆ ಹರಿದು ಕೊನೆಗೆ ಸಮುದ್ರ ಸೇರುವ ಆಂಧ್ರದಲ್ಲಿ, ಕೊಲ್ಲೇರು ಸುತ್ತಲಿನ ಸಾವಿರಾರು ಎಕರೆ ಕೊಳಗಳಲ್ಲಿ ರೋಹು ಬೆಳೆಯುವುದು ಹೀಗೆಯೇ. ಅಲ್ಲಿ ಹೆಚ್ಚಿನ ಪಾಲು ಎಣ್ಣೆ ತೆಗೆದ ಅಕ್ಕಿ ತೌಡು, ಜೊತೆಗೆ ಒಂದಿಷ್ಟು ಹಿಂಡಿ. ಒಳನಾಡು ಮೀನು ಉತ್ಪಾದನೆಯಲ್ಲಿ ದೇಶಕ್ಕೇ ಮುಂದಿರುವ ರಾಜ್ಯ ಅದು. ಹಿಂಡಿ-ತೌಡು ತಿಂದ ಮೀನು ಬೆಳೆಯುವುದಿಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಕಾರ್ಖಾನೆಯ ಗುಳಿಗೆ ಆಹಾರದಲ್ಲಿ ಬೆಳವಣಿಗೆ ಬೇಗ, ನೀರಿನಲ್ಲಿ ವ್ಯರ್ಥವಾಗುವುದು ಕಡಿಮೆ. ಅದರ ಬೆಲೆ ಹೆಚ್ಚು. ಕೊಂಡ ಆಹಾರ ಎಷ್ಟು ಕಿಲೋ, ಮಾರಿದ ಮೀನು ಎಷ್ಟು ಕಿಲೋ ಎಂದು ಒಂದು ವಹಿಯಲ್ಲಿ ಬರೆದಿಟ್ಟವರಿಗೆ ಮಾತ್ರ ಯಾವುದು ಲಾಭ ಎಂದು ಗೊತ್ತಾಗುವುದು.

ಅಪಾಯಗಳೂ ಇವೆ, ಇದನ್ನು ಸಂದೇಶಗಳು ಹೇಳುವುದಿಲ್ಲ. ಮೊದಲನೆಯದು ಬೂಸ್ಟು. ತೇವ ತಾಗಿದ ಶೇಂಗಾ ಹಿಂಡಿಯ ಮೇಲೆ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಇದು ಮೀನಿನ ಯಕೃತ್ತನ್ನು ಹಾಳುಮಾಡುತ್ತದೆ. ದನಕ್ಕೆ ಬೇಡವೆಂದು ಬಿಟ್ಟ ಬೂಸ್ಟು ಹಿಡಿದ ಹಿಂಡಿಯನ್ನು ಮೀನಿಗೆ ಹಾಕಿದರಾಯಿತು ಎಂದು ಯೋಚಿಸಲೇಬೇಡಿ. ಬಿಸಿಲಿಗೆ ಒಣಗಿಸಿದರೆ ಬೂಸ್ಟು ಕಾಣದಾಗಬಹುದು, ವಿಷ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ಅಂಶ ಇರುತ್ತದೆ. ಸ್ವಲ್ಪ ಬೆರೆಸಿದರೆ ಗೆಂಡೆ ತಾಳಿಕೊಳ್ಳುತ್ತದೆ, ಅದನ್ನೇ ಮುಖ್ಯ ಆಹಾರ ಮಾಡಬಾರದು. ಹಸಿ ಸೋಯಾಕಾಳನ್ನು ಹಾಗೇ ಅರೆದು ಹಾಕಿದರೆ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳಿರುತ್ತವೆ, ಹುರಿದರೆ ಅಥವಾ ಬೇಯಿಸಿದರೆ ಅವು ಬಹುಮಟ್ಟಿಗೆ ಹೋಗುತ್ತವೆ. ಕಾಳು, ತೌಡಿನಲ್ಲಿರುವ ರಂಜಕದ ದೊಡ್ಡ ಪಾಲನ್ನು ಮೀನು ಬಳಸಿಕೊಳ್ಳಲಾರದು. ಹಾಗಾಗಿ ಖನಿಜ ಮಿಶ್ರಣ ಸ್ವಲ್ಪ ಸೇರಿಸುವುದು ರೂಢಿ.

ಎರಡನೆಯ ಅಪಾಯ ಹೆಚ್ಚು ಹಾಕುವುದು. ಇದರಿಂದಲೇ ರಾತ್ರೋರಾತ್ರಿ ಹೊಂಡ ಖಾಲಿಯಾಗುವುದು. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಬಿಡದೆ ತಾನೇ ಬಳಸುತ್ತದೆ. ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರೆ ಅದು ಹಸಿವಲ್ಲ, ಉಸಿರುಕಟ್ಟುವಿಕೆ. ಹಸಿದಿವೆ ಎಂದು ಇನ್ನಷ್ಟು ಹಾಕಿದರೆ ಮುಗಿಯಿತು. ಆ ದಿನ ಆಹಾರ ನಿಲ್ಲಿಸಿ, ಹೊಸ ನೀರು ಬಿಡಿ, ಪಂಪಿನ ನೀರನ್ನು ಮೇಲಿಂದ ಚಿಮ್ಮಿಸಿ. ಮೋಡ ಕವಿದ ದಿನಗಳಲ್ಲಿ ಮೊದಲೇ ಕಡಿಮೆ ಮಾಡಿ.

ಅಜೋಲಾ ಬಗ್ಗೆಯೂ ಕೇಳುವವರಿದ್ದಾರೆ. ಒಣಗಿಸಿದ ಅಜೋಲಾದಲ್ಲಿ ನೂರಕ್ಕೆ 20ರಿಂದ 25 ಭಾಗ ಪ್ರೋಟೀನ್ ಇರುವುದು ನಿಜ. ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಬರೀ ನೀರು. ಒಂದು ಬುಟ್ಟಿ ಹಸಿ ಅಜೋಲಾ ಹಾಕಿ ಒಂದು ಬುಟ್ಟಿ ಹಿಂಡಿ ಹಾಕಿದ ಫಲ ಬಯಸುವುದು ಸರಿಯಲ್ಲ. ಪೂರಕವಾಗಿ ಒಳ್ಳೆಯದು, ಹುಲ್ಲುಗೆಂಡೆಗಂತೂ ಇಷ್ಟ. ಅಗ್ಗವೆಂದು ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಆಫ್ರಿಕನ್ ಕ್ಯಾಟ್‌ಫಿಶ್ ಬೆಳೆಸಿ ಎಂಬ ಸಲಹೆ ಬಂದರೆ ಅಲ್ಲೇ ಅಳಿಸಿಬಿಡಿ. ಆ ಮೀನಿನ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ.

ಇನ್ನು ಸತ್ವದ ಮಾತು. ಹಿಂಡಿ-ತೌಡು ತಿಂದು ಬೆಳೆದ ರೋಹುವಿನ ಮಾಂಸದಲ್ಲೂ ಪ್ರೋಟೀನ್ ಉತ್ತಮವಾಗಿಯೇ ಇರುತ್ತದೆ. ಒಮೆಗಾ-3 ಕೊಬ್ಬು ಮಾತ್ರ ಕಡಲಿನ ಬೂತಾಯಿ, ಬಂಗುಡೆಯಷ್ಟು ಇರುವುದಿಲ್ಲ.

ಅರಸ ಹೋದ ಮೇಲೆ

ಸೋಮೇಶ್ವರ 1138ರ ಹೊತ್ತಿಗೆ ತೀರಿಕೊಂಡ. ಅವನ ನಂತರ ಮಕ್ಕಳಾದ ಎರಡನೆಯ ಜಗದೇಕಮಲ್ಲ, ಮೂರನೆಯ ತೈಲಪ ಆಳಿದರು. ಅವನು ತೀರಿ ಮೂವತ್ತು ವರ್ಷ ಕಳೆಯುವುದರೊಳಗೆ ಕಲ್ಯಾಣದ ಸಿಂಹಾಸನ ಸಾಮಂತನಾಗಿದ್ದ ಕಳಚುರಿ ಬಿಜ್ಜಳನ ಕೈಸೇರಿತ್ತು. ಬಸವಣ್ಣನವರು ಬಾಳಿದ ಕಲ್ಯಾಣ ಅದು. ಸುಮಾರು 1200ರ ವೇಳೆಗೆ ಚಾಲುಕ್ಯರ ಆಳ್ವಿಕೆಯೇ ಮುಗಿದು ನಾಡು ಹೊಯ್ಸಳರು, ಸೇವುಣರು, ಕಾಕತೀಯರಲ್ಲಿ ಹಂಚಿಹೋಯಿತು.

ಪುಸ್ತಕ ಉಳಿಯಿತು. ಸಂಗೀತರತ್ನಾಕರ ಬರೆದ ಶಾರ್ಙ್ಗದೇವ ತನಗಿಂತ ಹಿಂದಿನ ಸಂಗೀತಜ್ಞರ ಸಾಲಿನಲ್ಲಿ ಸೋಮೇಶ್ವರನನ್ನೂ ಹೆಸರಿಸಿದ್ದಾನೆ. ಮೀನಿನ ಅಧ್ಯಾಯವನ್ನು ಕೇಳುವವರು ಬಹುಕಾಲ ಇರಲಿಲ್ಲ. ಬರೋಡಾದ ಗಾಯಕವಾಡ ಮಾಲೆಯಲ್ಲಿ ಜಿ.ಕೆ. ಶ್ರೀಗೊಂಡೇಕರ್ ಸಂಪಾದಿಸಿದ ಮಾನಸೋಲ್ಲಾಸದ ಮೊದಲ ಸಂಪುಟ 1925ರಲ್ಲಿ ಬಂತು, ಮೂರನೆಯದು ಬರುವಷ್ಟರಲ್ಲಿ 1961 ಆಗಿತ್ತು. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1926ರಲ್ಲಿ ಅಭಿಲಷಿತಾರ್ಥ ಚಿಂತಾಮಣಿಯ ಒಂದು ಭಾಗ ಅಚ್ಚುಹಾಕಿಸಿದರು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದವರೂ ಅವರೇ.

ಸಂಸ್ಕೃತ ಪಂಡಿತರ ಕೈಯಿಂದ ಅದು ಮೀನು ಬಲ್ಲವರ ಕೈಗೆ ಬಂದದ್ದು 1951ರಲ್ಲಿ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಮತ್ಸ್ಯವಿನೋದವನ್ನು ಓದಿ, ಆ ಹಳೆಯ ಹೆಸರುಗಳು ಇಂದಿನ ಯಾವ ಮೀನುಗಳಿಗೆ ಹೊಂದುತ್ತವೆ ಎಂದು ಗುರುತಿಸಲು ಕೂತರು. ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಆಮೇಲೆ 2005ರಲ್ಲಿ ನಳಿನಿ ಸಾಧಲೆ ಮತ್ತು ವೈ.ಎಲ್. ನೆನೆ ಅದೇ ಅಧ್ಯಾಯವನ್ನು ಮತ್ತೆ ಓದಿ, ಮೀನಿಗೆ ಉಣಿಸುವ ಭಾಗದ ಮೇಲೆ ವಿಶೇಷವಾಗಿ ಗಮನ ಸೆಳೆದರು. ಒಬ್ಬ ಅರಸ ಮೋಜಿಗೆಂದು ಹಾಕಿಸಿದ ಉಂಡೆಯ ವಿವರ ಕೃಷಿ ಇತಿಹಾಸದ ಪತ್ರಿಕೆಗೆ ಬರಲು ಹೀಗೆ 876 ವರ್ಷ ಹಿಡಿಯಿತು.